ಒಂದು ಮಳೆಗಾಲ ಕಳೆದ ಸ್ಕೋಪ್

ರೈಫಲ್ ಮೇಲೆ ಕೂರಿಸಿ ಗುರಿ ನೋಡುವ ನನ್ನ ಹಳೇ ಸ್ಕೋಪಿಗೆ ಬೂಷ್ಟು ಹಿಡಿಯಿತು. ಕಳೆದ ವರ್ಷ ಆಗಸ್ಟಿನಲ್ಲಿ ಬೀರು ತೆಗೆದು ನೋಡಿದರೆ, ಒಳಗಿನ ಲೆನ್ಸಿನ ಮೇಲೆ ಜೇಡರ ಬಲೆಯಂಥ ಎಳೆಗಳು. ವಿರಾಜಪೇಟೆ ಕಡೆ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಂ ಯಾವುದನ್ನೂ ಬೂಷ್ಟು ಬಿಡಲ್ಲ, ಇನ್ನು ಸ್ಕೋಪನ್ನು ಬಿಡುತ್ತಾ? ಹೊರಗಿನ ಗಾಜಾದರೆ ಒರೆಸಬಹುದು. ಒಳಗೆ ಬೆಳೆದದ್ದು ಗಾಜಿನ ಕೋಟಿಂಗನ್ನೇ ತಿನ್ನುತ್ತದೆ. ಮಾರಿದವರನ್ನು ಕೇಳಿದೆ. "ವಾರಂಟಿ ಮುಗಿದಿದೆ ಮೇಡಂ" ಅಂದರು. ಆ ಕಂಪನಿ ಹೆಸರು ಬೇಡ ಬಿಡಿ. ಅರ್ಧ ತಪ್ಪು ನನ್ನದೇ, ಉಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮೊದಲು ಕೋವಿ ಹಿಡಿದದ್ದು ಕೊಡಗಿನ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ದಿನ, ತೆಂಗಿನಕಾಯಿಗೆ. ನಮ್ಮೂರಿನ ಆ ಸ್ಪರ್ಧೆಯಲ್ಲಿ ಸ್ಕೋಪ್ ಬಿಡಲ್ಲ. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲೂ ಬಿಡಲ್ಲ. ಆದರೆ ಐದಾರು ವರ್ಷದಿಂದ ನನಗೆ ಕಾಗದದ ಟಾರ್ಗೆಟ್ಟಿನ ಹುಚ್ಚು ಹಿಡಿದಿದೆ. ಪಾಯಿಂಟ್ ಟೂ ಟೂ ರೈಫಲ್, 50ರಿಂದ 200 ಮೀಟರ್. ದೂರದ ಗುರಿಯ ಎಫ್-ಕ್ಲಾಸ್ ಸ್ಪರ್ಧೆಯವರು 1000 ಗಜಕ್ಕೆ ಹೊಡೆಯುವಾಗ 200 ಮೀಟರ್ ಯಾವ ಲೆಕ್ಕ ಅಂತ ನಗಬೇಡಿ. ಈ ಪುಟ್ಟ ಗುಂಡಿಗೆ ಅದೇ ದೂರದ ಊರು. 50 ಮೀಟರಿಗೆ ಜೀರೋ ಮಾಡಿದ, ಅಂದರೆ ಆ ದೂರದಲ್ಲಿ ಗುಂಡು ಗುರಿಗೇ ಬೀಳುವಂತೆ ಹೊಂದಿಸಿದ ನನ್ನ ರೈಫಲಿಗೆ 100ರಲ್ಲಿ ಸ್ಕೋಪಿನ ಡಯಲನ್ನು 20 ಕ್ಲಿಕ್ ಏರಿಸಿದರೆ ಸಾಕು, 200ರಲ್ಲಿ 75ರ ಆಸುಪಾಸು ಬೇಕು. ಜೋರಿಲ್ಲದ ಅಡ್ಡಗಾಳಿಯೂ 100 ಮೀಟರಿನಲ್ಲಿ ಗುಂಡನ್ನು ನಾಲ್ಕು ಬೆರಳು ಪಕ್ಕಕ್ಕೆ ತಳ್ಳುತ್ತದೆ.

ಹೊಸದಕ್ಕೆ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದೆ. ಜೊತೆಗೆ ಅಣ್ಣನ ಮಗ. ಅವನದು ಒಂದೇ ಹಟ, "ಮಾವಿ, 32 ಪವರ್‌ದೇ ತಗೊಳ್ಳಿ." ಅಂದರೆ 32 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಅಂಗಡಿಯವರೂ ಅದನ್ನೇ ಮುಂದಿಟ್ಟರು. ಕಿಟಕಿಯಿಂದ ಎದುರು ಕಟ್ಟಡದ ಬೋರ್ಡ್ ತೋರಿಸಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಯಾವ ಸ್ಕೋಪ್ ತಾನೇ ಚೆನ್ನಾಗಿ ಕಾಣಲ್ಲ? ನಾನು ತಿರುಗಿ ಅಂಗಡಿಯ ಒಳಮೂಲೆ ನೋಡಿದೆ, ಅಲ್ಲಿ ರಟ್ಟಿನ ಡಬ್ಬಗಳು ಪೇರಿಸಿದ್ದವು. ಡಬ್ಬದ ಮೇಲಿನ ಸಣ್ಣ ಅಕ್ಷರ ಯಾವುದರಲ್ಲಿ ಓದಲು ಬರುತ್ತದೆ ಅನ್ನೋದು ನನ್ನ ಪರೀಕ್ಷೆ. ಆಮೇಲೆ ಕಣ್ಣು ಮುಚ್ಚಿ ಡಯಲ್ ತಿರುಗಿಸಿ ಕ್ಲಿಕ್ ಎಣಿಸಿದೆ. ಎಣಿಕೆ ತಪ್ಪಿದವನ್ನು ಪಕ್ಕಕ್ಕಿಟ್ಟೆ. ಅಂಗಡಿಯ ಹುಡುಗ ಪಾಪ, ತಾಳ್ಮೆಯಿಂದ ಒಂದೊಂದೇ ತೆಗೆದು ಕೊಟ್ಟ.

ಕೊನೆಗೆ ತಂದದ್ದು ಬುಶ್‌ನೆಲ್ ಮ್ಯಾಚ್ ಪ್ರೋ, 6-24x50, ಅಂದರೆ 6ರಿಂದ 24 ಪವರ್, 50 ಮಿ.ಮೀ. ಅಗಲದ ಮುಂದಿನ ಲೆನ್ಸ್. 30 ಮಿ.ಮೀ. ಟ್ಯೂಬ್, ಒಂದು ಕ್ಲಿಕ್ಕಿಗೆ 0.1 ಮಿಲ್ (ಮಿಲ್ ಎಂದರೆ ದೂರದ ಸಾವಿರದಲ್ಲೊಂದು ಭಾಗ), ಅಂದರೆ 100 ಮೀಟರಿನಲ್ಲಿ 1 ಸೆಂ.ಮೀ. ಲೆಕ್ಕ ಬಾಯಲ್ಲೇ ಆಗುತ್ತದೆ. ಕಾಲು ಎಂಒಎ (ಡಿಗ್ರಿಯ ಅರವತ್ತರಲ್ಲೊಂದು ಭಾಗಕ್ಕೆ ಎಂಒಎ ಅಂತಾರೆ) ಕ್ಲಿಕ್ಕಿನದಾದರೆ 100 ಮೀಟರಿಗೆ 7.3 ಮಿ.ಮೀ. ಇಡೀ ದಿನ ಬ್ಯಾಂಕಿನಲ್ಲಿ ಲೆಕ್ಕ ಮಾಡಿ ಬಂದವಳಿಗೆ ಅದು ಬೇಡ.

ಇನ್ನೊಂದು ಕಾರಣ ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಗುರಿಯೂ ಸರಿದಂತೆ ಕಾಣುವ ದೋಷ. ಹಳೆಯದರಲ್ಲಿ ಅದು 100 ಗಜದಲ್ಲಿ ಮಾತ್ರ ಇಲ್ಲದಂತೆ ಕಟ್ಟಿಹಾಕಿದ್ದರು. 50 ಮೀಟರಿನಲ್ಲಿ ತಲೆ ಸ್ವಲ್ಪ ಆಚೀಚೆ ಆದರೂ ಕ್ರಾಸ್ ಗೆರೆ ಟಾರ್ಗೆಟ್ಟಿನ ಮೇಲೆ ಜಾರುತ್ತಿತ್ತು. 40 ಮಿ.ಮೀ. ಲೆನ್ಸಿನಲ್ಲಿ ಕಣ್ಣು ಪೂರ್ತಿ ಅಂಚಿಗೆ ಹೋದರೆ ತಪ್ಪು 9 ಮಿ.ಮೀ.ವರೆಗೂ ಬರುತ್ತದೆ. ಗುಂಡಿನ ತೂತೇ ಐದೂವರೆ ಮಿ.ಮೀ., ಅಲ್ವಾ? ಇದರಲ್ಲಿ ಎಡಗಡೆ ಡಯಲ್ ಇದೆ, 10 ಗಜದಿಂದ ಮೇಲಕ್ಕೆ ಎಷ್ಟು ದೂರಕ್ಕೆ ಬೇಕೋ ಅಷ್ಟಕ್ಕೆ ಸರಿಮಾಡಬಹುದು. ಡಯಲ್ ಮೇಲಿನ ಅಂಕಿ ನಂಬಬೇಡಿ. ತಲೆ ಅಲ್ಲಾಡಿಸಿ, ಗೆರೆ ಅಲ್ಲಾಡದ ಜಾಗಕ್ಕೆ ನಿಲ್ಲಿಸಿ.

ಜನವರಿಯಲ್ಲಿ ಗದ್ದೆ ಕೊಯ್ಲು ಮುಗಿದ ಮೇಲೆ ನಿಜವಾದ ಪರೀಕ್ಷೆ. ನಮ್ಮ ಗದ್ದೆಯ ಆಚೆ ಕಡೆ ಎತ್ತರದ ಮಣ್ಣಿನ ಬರೆ, ಅಂದರೆ ದಿಬ್ಬ ಇದೆ, ಗುಂಡು ಅದರಾಚೆ ಹೋಗಲ್ಲ. ಟೇಪು ಹಿಡಿದು 100 ಮೀಟರ್ ಅಳೆದೆವು. ಆಳೆತ್ತರದ ಹಲಗೆಗೆ ಕಾಗದ ಅಂಟಿಸಿ, ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು, ಅದರ ದಾರದ ಗುಂಟ ಪೆನ್ಸಿಲ್ ಗೆರೆ ಎಳೆದೆವು. ಸ್ಕೋಪಿನ ನಿಂತ ಗೆರೆ ಆ ಗೆರೆಗೆ ಕೂರಬೇಕು. ಮೂರು ಡಿಗ್ರಿ ವಾಲಿದ್ದರೂ ಗುಂಡು 60 ಸೆಂ.ಮೀ. ಏರುವಷ್ಟರಲ್ಲಿ 3 ಸೆಂ.ಮೀ. ಪಕ್ಕಕ್ಕೆ ಹೋಗಿರುತ್ತದೆ. ನನ್ನದು ಮೊದಲ ಸಲ ವಾಲಿಯೇ ಇತ್ತು, ಬಿಚ್ಚಿ ಮತ್ತೆ ಕೂರಿಸಿದೆ. ಸ್ಕೋಪನ್ನು ರೈಫಲಿಗೆ ಹಿಡಿಸುವ ರಿಂಗಿನ ಸ್ಕ್ರೂಗಳನ್ನು ಅಣ್ಣನ ಮಗ ಟ್ರ್ಯಾಕ್ಟರ್ ನಟ್ಟಿನ ಹಾಗೆ ಬಿಗಿಯಲು ಹೊರಟಿದ್ದ. ಹಾಗೆ ಮಾಡಿದರೆ ಟ್ಯೂಬೇ ಅಮುಕುತ್ತದೆ. ಎಷ್ಟು ಬಿಗಿಯಾಯಿತು ಅಂತ ತಿಳಿಸುವ ಅಳತೆಯ ಸ್ಕ್ರೂಡ್ರೈವರ್ ತಗೊಳ್ಳಿ, ಆ ಖರ್ಚು ದಂಡ ಅಲ್ಲ.

ಕೆಳಗಿನ ಚುಕ್ಕಿಗೆ ಗುರಿಯಿಟ್ಟು ಐದು ಗುಂಡು. 60 ಕ್ಲಿಕ್ ಏರಿಸಿ, ಅದೇ ಚುಕ್ಕಿಗೆ ಗುರಿಯಿಟ್ಟು ಮತ್ತೆ ಐದು. ವಾಪಸ್ ಇಳಿಸಿ ಇನ್ನೈದು. ಟೇಪು ಹಿಡಿದಾಗ ಎರಡು ಗುಂಪುಗಳ ನಡುವೆ 60 ಸೆಂ.ಮೀ.ಗೆ ಅರ್ಧ ಸೆಂ.ಮೀ. ಕಡಿಮೆ. ನನ್ನ ಗುಂಪುಗಳೇ ಮೂರು ಸೆಂ.ಮೀ. ಅಗಲ ಇದ್ದವು, ಆ ಅರ್ಧ ನನ್ನದೋ ಸ್ಕೋಪಿನದೋ ಹೇಳೋದು ಹೇಗೆ? ವಾಪಸ್ ಬಂದ ಐದು ಮೊದಲಿನ ಐದರ ಮೇಲೇ ಕೂತವು. ಹಳೆಯದರಲ್ಲಿ ಇದೇ ಪರೀಕ್ಷೆ ಮಾಡಿದಾಗ 60ಕ್ಕೆ 55 ಬಂದಿತ್ತು. ಎರಡು ವರ್ಷ ಗಾಳಿಯನ್ನೂ ಮದ್ದುಗುಂಡನ್ನೂ ಸುಮ್ನೆ ಬೈದಿದ್ದೆ.

24 ಪವರ್ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂದರೆ, ನನಗೆ ಕಡಿಮೆ. ಮಾರ್ಚಿನ ಬಿಸಿಲಿನಲ್ಲಿ ಒಣಗದ್ದೆಯ ಮೇಲಿನ ಬಿಸಿಗಾಳಿಗೆ ಟಾರ್ಗೆಟ್ ನೀರಿನೊಳಗಿನ ಕಲ್ಲಿನ ಹಾಗೆ ಕುಣಿಯುತ್ತದೆ. ಪವರ್ ಏರಿಸಿದಷ್ಟೂ ಕುಣಿತ ದೊಡ್ಡದಾಗುತ್ತದೆ. 14ಕ್ಕೆ ಇಳಿಸಿದರೆ ಕಣ್ಣಿಗೆ ನೆಮ್ಮದಿ. ಮೋಡದ ದಿನ ಬೇರೆ ತೊಂದರೆ. 50 ಮಿ.ಮೀ. ಲೆನ್ಸನ್ನು 24ರಿಂದ ಭಾಗಿಸಿ, ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 2 ಮಿ.ಮೀ. ಚಿಲ್ಲರೆ. 12ರಲ್ಲಿ ಅದು 4ಕ್ಕೂ ಜಾಸ್ತಿ. ಇದು ಯಾವ ಕಂಪನಿಯದಾದರೂ ಒಂದೇ ಲೆಕ್ಕ. ಸಂಜೆ ಐದರ ಮೇಲೆ ನಾನಂತೂ ಗದ್ದೆಯಲ್ಲಿ ಇರಲ್ಲ. ಆನೆ ಬರುವ ಹೊತ್ತು.

ಇದು ಫಸ್ಟ್ ಫೋಕಲ್ ಪ್ಲೇನ್ ಸ್ಕೋಪ್. ಪವರ್ ಏರಿಸಿದರೆ ಗೆರೆಯೂ ದಪ್ಪ ಆಗುತ್ತದೆ, ಇಳಿಸಿದರೆ ಸಪೂರ ಆಗುತ್ತದೆ. ಯಾವ ಪವರಿನಲ್ಲೂ ಗೆರೆ ಮೇಲಿನ ಮಿಲ್ ಗುರುತು ಸರಿಯಾಗೇ ಇರುತ್ತದೆ ಅನ್ನೋದು ಲಾಭ. ಬೇರೆ ಬೇರೆ ದೂರಕ್ಕೆ ಹೊಡೆಯುವವರಿಗೆ ಇದೇ ಸರಿ. ಒಂದೇ ದೂರಕ್ಕೆ ದಿನವಿಡೀ ಹೊಡೆಯುವ ಎಫ್-ಕ್ಲಾಸ್, ಬೆಂಚ್‌ರೆಸ್ಟಿನವರು ಸೆಕೆಂಡ್ ಫೋಕಲ್ ಪ್ಲೇನ್ ನೋಡಲಿ, ಗೆರೆ ಯಾವಾಗಲೂ ಸಪೂರ ಇರುತ್ತದೆ. ನನ್ನ ಸ್ಕೋಪಿನ ಭಾರ ಮುಕ್ಕಾಲು ಕೆಜಿಗೂ ಜಾಸ್ತಿ. ಬೆಂಚಿನ ಮೇಲಿಟ್ಟು ಹೊಡೆಯುವವಳಿಗೆ ತೊಂದರೆ ಇಲ್ಲ, ಹೆಗಲಿಗೇರಿಸಿ ತೋಟ ಸುತ್ತಿದರೆ ಗೊತ್ತಾಗುತ್ತದೆ.

ಇನ್ನು ಮಳೆಗಾಲ. ಈ ಸಲ ಉಣ್ಣೆ ಬಟ್ಟೆ ಇಲ್ಲ. ಒಂದು ಸುರಕ್ಷಿತ ಬಿಗಿ ಮುಚ್ಚಳದ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ನೀಲಿ ಕಾಳು ಗುಲಾಬಿ ಆದಾಗ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ನೀಲಿ. ಜುಲೈನಲ್ಲಿ ನಾಲ್ಕು ಸಲ ಹುರಿದೆ. ಕಾಫಿ ಹುರಿಯುವ ಬಾಣಲೆ ಮುಟ್ಟಬೇಡ ಅಂತ ಅವ್ವ ಮೊದಲೇ ಹೇಳಿದ್ದರು, ಅದಕ್ಕೇ ಬೇರೆಯದು.

ಸೆಪ್ಟೆಂಬರ್ 3ಕ್ಕೆ, ಕೈಲ್‌ಪೊಳ್ದ್ ದಿನ, ಡಬ್ಬ ತೆಗೆದೆ. ಟಾರ್ಚ್ ಬಿಟ್ಟು ಮುಂದಿನಿಂದ, ಹಿಂದಿನಿಂದ ನೋಡಿದೆ. ಒಂದೂ ಎಳೆ ಇಲ್ಲ. ರೈಫಲ್ಲನ್ನು ಉಳಿದ ಕೋವಿಗಳ ಜೊತೆ ನೆಲ್ಲಕ್ಕಿ ಬಾಡೆಗೆ, ಅಂದರೆ ದೀಪ ಇಡುವ ನಡುಮನೆಗೆ, ಇಟ್ಟೆವು. ತೋಕ್ ಪೂವು, ಅಂದರೆ ಕೋವಿ ಹೂ, ಸಿಕ್ಕಿಸುವ ಮುಂಚೆ ಅವ್ವನಿಗೆ, ಲೆನ್ಸಿಗೆ ಗಂಧ ತಾಗಿಸಬೇಡಿ ಅಂದಿದ್ದೆ. ಅವರು ಲೆನ್ಸ್ ಮುಟ್ಟಲಿಲ್ಲ. ಡಯಲ್ಲಿನ ಸಣ್ಣ ಗೆರೆಗಳ ತುಂಬ ಮೆತ್ತಿದ್ದರು. ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ ತೆಗೆದಿದ್ದೇನೆ, 4 ಮತ್ತು 5ರ ನಡುವೆ ಇನ್ನೂ ಸ್ವಲ್ಪ ಉಳಿದಿದೆ.