ಎಣ್ಣೆ ಮಿಲ್ಲಿಗೆ ತಂದ ಪ್ಯಾನೆಲ್ ಮೀಟರ್: ಮಾಲು ಒಳ್ಳೇದು, ಸೆಟ್ಟಿಂಗ್ ಮಾತ್ರ ಹುಷಾರು

ಕುಮಟಾ ಹತ್ತಿರ ನಮ್ಮದೊಂದು ಸಣ್ಣ ಕೊಬ್ಬರಿ ಎಣ್ಣೆ ಮಿಲ್ಲು. ಅದೇ ಶೆಡ್ಡಿನಲ್ಲಿ ಭಾವನ ಹಿಟ್ಟಿನ ಗಿರಣಿ. ಹೆಸ್ಕಾಂ ಕನೆಕ್ಷನ್ ಮಾತ್ರ ಒಂದೇ, ಹಾಗಾಗಿ ಬಿಲ್ಲು ಬಂದ ದಿನ ಇಬ್ಬರ ಮುಖವೂ ನೋಡುವ ಹಾಗಿರುವುದಿಲ್ಲ. ನನ್ನ 10 ಎಚ್‌ಪಿ ಮೋಟರಿನ ಲೆಕ್ಕ ಬೇರೆ ಸಿಗಲಿ ಅಂತ ಈ ತ್ರೀ ಫೇಸ್ ಡಿಜಿಟಲ್ ಮೀಟರ್ ತಂದೆ.

ಇದಕ್ಕೆ ಕರೆಂಟು ನೇರ ಹೋಗುವುದಿಲ್ಲ. ಪ್ರತಿ ಫೇಸಿನ ವೈರಿಗೂ ಒಂದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಅನ್ನುವ ಬಳೆ ಹಾಕಬೇಕು. ಅಂಗಡಿಯಲ್ಲಿ ಇದ್ದದ್ದು 100/5ರ ಬಳೆ. ಅಂದರೆ ವೈರಿನಲ್ಲಿ 100 ಆಂಪಿಯರ್ ಹರಿದರೆ ಮೀಟರಿಗೆ 5 ಬರುತ್ತದೆ, ಅದನ್ನು ಮೀಟರು 20ರಿಂದ ಗುಣಿಸಿ ತೋರಿಸಬೇಕು. ಆದರೆ ಡಬ್ಬಿಯಿಂದ ತೆಗೆದಾಗ ಅದರ ಸೆಟ್ಟಿಂಗ್ 5/5 ಇರುತ್ತದೆ, ಅಂದರೆ ಗುಣಿಸುವುದೇ ಇಲ್ಲ. ಮಿಲ್ಲು ಗಡಗಡ ಅಂತ ಓಡುತ್ತಿದೆ, ಮೀಟರಿನಲ್ಲಿ 0.8 ಕಿಲೋವ್ಯಾಟ್! ಮನೆಯ ಮಿಕ್ಸಿಯಷ್ಟು. ಅದಕ್ಕೂ ಮೊದಲು ಒಂದು ಫೇಸಿನಲ್ಲಿ ಮೈನಸ್ ಬೇರೆ ಬರುತ್ತಿತ್ತು, ಬಳೆ ಉಲ್ಟಾ ಹಾಕಿದ್ದರು, ತಿರುಗಿಸಿದ ಮೇಲೆ ಬಂದದ್ದು ಈ 0.8. ಪುಸ್ತಕ ನೋಡಿ ಪ್ರೈಮರಿ, ಅಂದರೆ ವೈರಿನ ಕಡೆಯ ಆಂಪಿಯರ್, 100 ಅಂತ ಹಾಕಿದೆ. 16 ಕಿಲೋವ್ಯಾಟ್ ಬಂತು. ದೊಡ್ಡ ಕೆಲಸ ಮಾಡಿದೆ ಅಂತ ಚಾ ಕುಡಿದು ಮನೆಗೆ ಹೋದೆ.

ತಿಂಗಳ ಬಿಲ್ಲು ಬಂತು. ಇಡೀ ಶೆಡ್ಡಿಗೆ 1,050 ಯೂನಿಟ್, ನನ್ನ ಮೀಟರಿನಲ್ಲಿ 1,240! ಭಾವ ನಕ್ಕೂ ನಕ್ಕೂ, "ಹಾಗಾದ್ರೆ ನಾನೇ ನಿಮಗೆ ಕರೆಂಟು ಕೊಟ್ಟ ಹಾಗಾಯ್ತಲ್ಲ ಮಾರಾಯ್ರೆ" ಅಂದ.

ಮೀಟರು ಡೂಪ್ಲಿಕೇಟ್ ಅಂತ ವಾಪಸ್ ಕೊಡಲು ಹೊರಟಿದ್ದೆ. ಅದಕ್ಕೂ ಮೊದಲು ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದರೆ ವೈರಿನಲ್ಲಿ 13 ಆಂಪಿಯರ್, ಡಿಸ್ಪ್ಲೇಯಲ್ಲಿ 26. ಸರಿಯಾಗಿ ಎರಡು ಪಟ್ಟು. ಪ್ಯಾನೆಲ್ ಬಾಗಿಲು ತೆಗೆದು ಟಾರ್ಚು ಬಿಟ್ಟೆ. ಪ್ರತಿ ಬಳೆಯೊಳಗೂ ವೈರು ಎರಡು ಸಲ ಹಾದು ಹೋಗಿದೆ! ವೈರಿಂಗ್ ಹುಡುಗನಿಗೆ ಫೋನ್ ಮಾಡಿದೆ. "ಲೋಡು ಕಮ್ಮಿ ಅಲ್ವಾ ಅಣ್ಣಾ, 100ರ ಸಿಟಿಗೆ 13 ಆಂಪಿಯರ್ ಸಾಲೋದಿಲ್ಲ, ಅದಕ್ಕೇ ಎರಡು ಸುತ್ತು ಹಾಕಿದೆ" ಅಂದ. ಅವನು ಮಾಡಿದ್ದು ತಪ್ಪಲ್ಲ, ಸಣ್ಣ ಲೋಡಿಗೆ ಹಾಗೆ ಮಾಡುತ್ತಾರೆ. ಹೇಳದೆ ಹೋದದ್ದೇ ತಪ್ಪು. ಎರಡು ಸುತ್ತು ಹಾಕಿದರೆ ಬಳೆ ಅದೇ ಕರೆಂಟನ್ನು ಎರಡು ಸಲ ಎಣಿಸುತ್ತದೆ, 100/5ರ ಬಳೆ 50/5 ಆದಂತೆ, ಪ್ರೈಮರಿ 50 ಅಂತ ಹಾಕಬೇಕು. ಹಾಕಿದೆ, 13 ಬಂತು. ಆಮೇಲೆ ಗಿರಣಿ ನಿಲ್ಲಿಸಿ, ಲೈಟೂ ಆರಿಸಿ, ಒಂದು ಗಂಟೆ ಮಿಲ್ಲು ಮಾತ್ರ ಓಡಿಸಿ ಹೆಸ್ಕಾಂ ಮೀಟರಿನ ಜೊತೆ ತಾಳೆ ನೋಡಿದೆ. ಎರಡರಲ್ಲೂ 8 ಯೂನಿಟ್.

ಒಂದು ಬೇಸರ ಇದೆ. ಸೆಟ್ಟಿಂಗ್ ಬದಲಿಸಿದರೂ ಹಳೆಯ 1,240 ಹಾಗೇ ಕೂತಿದೆ, ಅದು ತಾನಾಗಿ 620 ಆಗುವುದಿಲ್ಲ. ಪುಸ್ತಕದ ಅಕ್ಷರ ಇರುವೆ ಸಾಲಿನ ಹಾಗಿದೆ, ಎರಡು ಸುತ್ತಿನ ವಿಷಯ ಅದರಲ್ಲಿ ಒಂದು ಸಾಲೂ ಇಲ್ಲ. ಬಟನ್ನು ಒತ್ತಲು ಗಟ್ಟಿ. ಡಿಸ್ಪ್ಲೇ ಚೆನ್ನಾಗಿದೆ, ಶೆಡ್ಡಿನ ಕತ್ತಲೆಯಲ್ಲೂ ಕನ್ನಡಕ ಇಲ್ಲದೆ ಕಾಣುತ್ತದೆ. ಸಮುದ್ರದ ಗಾಳಿಗೆ ಸ್ಕ್ರೂ ಹಸಿರಾಗುವುದು ನಮ್ಮ ಕಡೆ ಇದ್ದದ್ದೇ, ಅದಕ್ಕೆ ಮೀಟರನ್ನು ಬಯ್ದು ಪ್ರಯೋಜನ ಇಲ್ಲ.

ಇನ್ನೊಂದು ಮಾತು. ಮೋಟರ್ ಓಡುವಾಗ ಸಿಟಿಯ ವೈರನ್ನು ಮೀಟರಿನಿಂದ ಸುಮ್ನೆ ಬಿಚ್ಚಬೇಡಿ. ಬಿಚ್ಚಿದ ತುದಿಯಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಏರಬಹುದು. ಮೇನ್ ಆಫ್ ಮಾಡಿಯೇ ಕೈ ಹಾಕಿ, ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಯಿರಿ.

5ಕ್ಕೆ 4 ಸ್ಟಾರ್. ಭಾವನೂ ಇಂಥದ್ದೇ ಒಂದು ತರಿಸುತ್ತಿದ್ದಾನೆ, ನನ್ನ ಮೀಟರಿನ ಮೇಲೆ ಅವನಿಗಿನ್ನೂ ನಂಬಿಕೆ ಬಂದಿಲ್ಲ. ನಾನಂತೂ ಪ್ಯಾನೆಲ್ ಬಾಗಿಲಿನ ಒಳಗೆ ಪೇಂಟಿನಲ್ಲಿ ಬರೆದಿಟ್ಟಿದ್ದೇನೆ: "ಬಳೆ 100/5, ಎರಡು ಸುತ್ತು, ಸೆಟ್ಟಿಂಗ್ 50."