ಬ್ಲೌಸ್ ಅಂಗಡಿಯವಳು ತಗೊಂಡ ಹೆಲ್ತ್ ಪಾಲಿಸಿ: ಐದಕ್ಕೆ ಮೂರೂವರೆ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ನೌಕರರಿಗಿರುವ ಇಎಸ್‌ಐ ವಿಮೆ ನನಗಿಲ್ಲ, ಮಲಗಿದ ದಿನ ದುಡಿಮೆಯೂ ಇಲ್ಲ. ರೇಷನ್ ಕಾರ್ಡು ಎಪಿಎಲ್. ನಮ್ಮಂಥವರಿಗೆ ಆಯುಷ್ಮಾನ್ ಕಾರ್ಡಿನಲ್ಲಿ ಪ್ಯಾಕೇಜ್ ದರದ ಶೇಕಡಾ 30 ಮಾತ್ರ ಸಿಗುತ್ತದೆ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಅದಕ್ಕೇ 10 ಲಕ್ಷದ ಫ್ಲೋಟರ್ ಪಾಲಿಸಿ, ಅಂದರೆ ಇಡೀ ಮನೆಯವರು ಹಂಚಿಕೊಳ್ಳುವ ಒಂದೇ ಪಾಲಿಸಿ ತಗೊಂಡೆ.

ಏಜೆಂಟ್ ಮೊದಲು ತೋರಿಸಿದ್ದು ಬೇರೆ. "ಇದು ಭಾಳ ಸಸ್ತಾ ಬೀಳ್ತದ ನೋಡ್ರಿ ಅಕ್ಕಾರ" ಅಂದ. ಯಾಕೆ ಸಸ್ತಾ ಅಂತ ಕೆದಕಿದೆ. ರೂಮ್ ಬಾಡಿಗೆಗೆ ದಿನಕ್ಕೆ 3,000 ರೂಪಾಯಿ ಮಿತಿ. 6,000ದ ರೂಮ್ ತಗೊಂಡು ಮೇಲಿನ 3,000 ಕೊಟ್ಟರೆ ಮುಗೀತು ಅಂದ್ಕೋಬೇಡಿ. ರೂಮಿನ ಬಾಡಿಗೆಯಲ್ಲಿ ಅರ್ಧವಷ್ಟೇ ಮಿತಿಯೊಳಗಿದೆ ಅಂತ, ಅದೇ ಲೆಕ್ಕದಲ್ಲಿ ಡಾಕ್ಟರ್ ಫೀಸು, ಆಪರೇಷನ್ ಚಾರ್ಜಿನಲ್ಲೂ ಅರ್ಧ ನಮ್ಮ ತಲೆಗೇ ಬರುತ್ತದೆ. ಮತ್ತೆ ಜೋನ್ ಅಂತ ಒಂದಿತ್ತು. ಕಲಬುರಗಿ ವಿಳಾಸಕ್ಕೆ ಕಂತು ಕಮ್ಮಿ, ಆದರೆ ಹೈದರಾಬಾದಿನಂಥ ಊರಲ್ಲಿ ಅಡ್ಮಿಟ್ ಆದರೆ ಬಿಲ್ಲಿನ ಶೇಕಡಾ 20 ನಾವೇ ಕಟ್ಟಬೇಕು. ಇಲ್ಲಿಯವರು ದೊಡ್ಡ ಕಾಯಿಲೆ ಅಂದ ಕೂಡಲೇ ಓಡುವುದೇ ಸೊಲ್ಲಾಪುರಕ್ಕೆ, ಇಲ್ಲ ಹೈದರಾಬಾದಿಗೆ. ಅಲ್ಲಿ ಪೂರ್ತಿ ನಡೆಯದ ಪಾಲಿಸಿ ಇಟ್ಕೊಂಡು ಏನು ಮಾಡೋದು?

ನಾನು ಆರಿಸಿದ್ದರಲ್ಲಿ ಈ ಎರಡು ಕೊಕ್ಕೆಗಳಿಲ್ಲ. ಕಂತು ಜಾಸ್ತಿಯೇ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18 ಜಿಎಸ್‌ಟಿ ತೆಗೆದಿದ್ದಾರೆ, ಅಷ್ಟು ಪುಣ್ಯ. ಯಜಮಾನರ ಶುಗರ್ ಫಾರ್ಮಿನಲ್ಲಿ ಬರೆಸಿದೆ. ಅದರ ಚಿಕಿತ್ಸೆಗೆ ಕ್ಲೇಮ್ ಸಿಗಲು 3 ವರ್ಷ ಕಾಯಬೇಕು. ಅದಕ್ಕಿಂತ ಜಾಸ್ತಿ ಯಾವ ಕಂಪನಿಯೂ ಕಾಯಿಸುವಂತಿಲ್ಲ ಅಂತ ಈಗ ನಿಯಮ. ಏಜೆಂಟ್ ಮಾತ್ರ "ಸುಮ್ನೆ ಯಾಕ್ ಬರೀತೀರಿ" ಅಂದ. ನಾಳೆ ಕ್ಲೇಮ್ ತಿರಸ್ಕಾರವಾದರೆ ಇವನು ಫೋನ್ ಎತ್ತುತ್ತಾನಾ?

ಮಗನ ಅಪೆಂಡಿಕ್ಸ್ ಆಪರೇಷನ್ ಇಲ್ಲೇ ಕ್ಯಾಶ್‌ಲೆಸ್ ಆಯಿತು, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ರೀತಿ. ಅಡ್ಮಿಟ್ ಮಾಡುವಾಗ ಒಪ್ಪಿಗೆ ಬೇಗ ಬಂತು. ಡಿಸ್ಚಾರ್ಜ್ ದಿನ ಸಾಕಾಗಿ ಹೋಯಿತು. ಆಸ್ಪತ್ರೆ ಕೇಳಿದ 3 ಗಂಟೆಯೊಳಗೆ ಕಂಪನಿ ಒಪ್ಪಿಗೆ ಕೊಡಬೇಕು ಅಂತ ನಿಯಮವಿದೆ. ನಮಗೆ ಬೆಳಿಗ್ಗೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಕಂಪನಿಗೆ ಕೇಳಿದರೆ ಆಸ್ಪತ್ರೆ ಪೇಪರ್ ಕಳಿಸಿಲ್ಲ ಅಂತಾರೆ. ಆಸ್ಪತ್ರೆಯವರು ಯಾವಾಗಲೋ ಕಳಿಸಿದ್ದೇವೆ ಅಂತಾರೆ. ಹಸಿದ ಹುಡುಗನನ್ನು ಇಟ್ಕೊಂಡು ಇಬ್ಬರ ನಡುವೆ ನಾನು ಓಡಾಡಿದೆ. ಕೊನೆಗೆ ಗ್ಲೌಸ್, ಮಾಸ್ಕ್ ಅಂತ ಚಿಲ್ಲರೆ ಸಾಮಾನಿನ ದುಡ್ಡು ಕೈಯಿಂದ ಹೋಯಿತು. ಉಳಿದ ಬಿಲ್ಲಿಗೆ ತಕರಾರು ಬರಲಿಲ್ಲ.

ಮೂರೂವರೆ ಅಂಕ ಕೊಟ್ಟದ್ದು ಆ ಬಿಲ್ಲಿಗೆ. ಕಳೆದ ಒಂದೂವರೆ ಆ ಡಿಸ್ಚಾರ್ಜ್ ದಿನದ್ದು. ಈ ಸಲ ರಿನ್ಯೂ ಮಾಡುವಾಗ ಗ್ಲೌಸ್ ಖರ್ಚಿನ ರೈಡರ್, ಅಂದರೆ ಆ ಚಿಲ್ಲರೆ ಸಾಮಾನಿಗೂ ದುಡ್ಡು ಕೊಡುವ ಹೆಚ್ಚುವರಿ ಸೌಲಭ್ಯ ಕೂಡ ಸೇರಿಸುತ್ತಿದ್ದೇನೆ.