ಕೋಡ್ ಬರೆಯುವ ಎಐ ಸಹಾಯಕ: ಕೆಲಸ ಸರಿ, ಬಾಲಂಗೋಚಿ ಯಾಕೆ?

ಮೊದಲೇ ಹೇಳಿಬಿಡುತ್ತೇನೆ: ಈ ಸಹಾಯಕವನ್ನು ನಾವು ಬಿಟ್ಟಿಲ್ಲ, ಸದ್ಯಕ್ಕೆ ಬಿಡುವ ಯೋಚನೆಯೂ ಇಲ್ಲ. ಆದರೂ ಐದಕ್ಕೆ ಮೂರು ತಾರೆಗಿಂತ ಹೆಚ್ಚು ಕೊಡಲು ಮನಸ್ಸು ಬರುತ್ತಿಲ್ಲ. ಉಪಕರಣದ ಹೆಸರು ಬರೆಯುತ್ತಿಲ್ಲ. ಬರೆದರೆ ಅದಕ್ಕೆ ಇನ್ನೊಂದು ಪುಕ್ಕಟೆ ಪ್ರಚಾರ ಸಿಕ್ಕಂತಾಗುತ್ತದೆ. ನನ್ನ ತಕರಾರು ಇರುವುದೇ ಪುಕ್ಕಟೆ ಪ್ರಚಾರದ ಬಗ್ಗೆ. ಈ ಚಾಳಿ ಒಂದೇ ಕಂಪನಿಗೆ ಸೀಮಿತವೂ ಅಲ್ಲ.

ನಮ್ಮದು ಸಣ್ಣ ಕಚೇರಿ. ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುತ್ತೇವೆ: ಠೇವಣಿ, ಸಾಲ, ಬಡ್ಡಿ, ಷೇರು, ವರ್ಷಾಂತ್ಯದ ಲೆಕ್ಕಪರಿಶೋಧನೆಗೆ ಬೇಕಾದ ತಖ್ತೆಗಳು. ಎಡಿಟರ್ ಒಳಗೇ ಕುಳಿತು ಕೋಡ್ ಬರೆಯುವ, ಟರ್ಮಿನಲ್‌ನಲ್ಲಿ ಆದೇಶ ಓಡಿಸುವ, ಕಮಿಟ್ ಮಾಡುವ (ಬದಲಾವಣೆಯನ್ನು ಒಂದು ಸಂದೇಶದೊಂದಿಗೆ ದಾಖಲಿಸುವ), ಪುಲ್ ರಿಕ್ವೆಸ್ಟ್ ತೆರೆಯುವ (ಆ ಬದಲಾವಣೆಯನ್ನು ನೋಡಿ ಸೇರಿಸಿಕೊಳ್ಳಿ ಎಂದು ತಂಡವನ್ನು ಕೇಳುವ) ಈ ಸಹಾಯಕವನ್ನು ವರ್ಷಕ್ಕೂ ಮೇಲ್ಪಟ್ಟು ಬಳಸುತ್ತಿದ್ದೇವೆ. ತಲೆಗಿಷ್ಟು ಎಂದು ತಿಂಗಳ ಚಂದಾ. ಬಿಲ್ ಡಾಲರ್‌ನಲ್ಲಿ, ಅದರ ಮೇಲೆ ಶೇ 18 ಜಿಎಸ್‌ಟಿ. ಉಚಿತ ಯೋಜನೆಯಲ್ಲಿ ಇರುವವರು ಈ ವಿಮರ್ಶೆಯನ್ನು ಸ್ವಲ್ಪ ಬೇರೆ ಕಣ್ಣಿನಿಂದ ಓದಿಕೊಳ್ಳಬಹುದು. ಹಣ ಕೊಡದವರಿಗೆ ಜಾಹೀರಾತು ತೋರಿಸುವುದರಲ್ಲಿ ನನಗೆ ದೊಡ್ಡ ಆಕ್ಷೇಪವಿಲ್ಲ.

ಕೆಲಸದ ಮಟ್ಟಿಗೆ ಹೊಗಳಲೇಬೇಕು. ಹಳೆಯ ಸಂಘಗಳ ದತ್ತಾಂಶದಲ್ಲಿ ಸದಸ್ಯರ ಹೆಸರುಗಳೆಲ್ಲ ಯೂನಿಕೋಡ್ ಬರುವುದಕ್ಕೆ ಮುಂಚಿನ ನುಡಿ ಅಕ್ಷರಶೈಲಿಯ ಸಂಕೇತದಲ್ಲಿವೆ. ಅಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ವ್ಯಂಜನದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಾದರೆ ರಕಾರ ಮೊದಲು ಬರಬೇಕು. ಅಕ್ಷರಕ್ಕೆ ಅಕ್ಷರ ಎಂದು ಬದಲಾಯಿಸುತ್ತ ಹೋದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಸರ್ಕಾರಿ ಜಾಲತಾಣಗಳನ್ನು ಓದುವವರಿಗೆ ಈ ರಾಜ್ಯದ ಪರಿಚಯ ಚೆನ್ನಾಗಿಯೇ ಇರುತ್ತದೆ. ಒಂದಷ್ಟು ಮಾದರಿ ಹೆಸರುಗಳನ್ನು ಮುಂದಿಟ್ಟಾಗ ಸಹಾಯಕ ಈ ಹಿಂದುಮುಂದನ್ನು ತಾನೇ ಗುರುತಿಸಿತು, ಪರಿವರ್ತಕ ಬರೆಯಿತು, ಒತ್ತಕ್ಷರದ ಮೇಲೆ ಅರ್ಕಾವತ್ತು ಕುಳಿತ ಹೆಸರುಗಳಿಗೆ ಬೇರೆಯದೇ ಪರೀಕ್ಷೆಗಳನ್ನೂ ಸೇರಿಸಿತು. ನಮ್ಮ ಹುಡುಗರಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ.

ರಸೀದಿಯಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಯುವಾಗ ಮಾತ್ರ ಎಡವುತ್ತದೆ. ‘ಒಂದು ಸಾವಿರದ ಐನೂರು’ ಆಗಬೇಕಾದಲ್ಲಿ ‘ಒಂದು ಸಾವಿರ ಐದು ನೂರು’ ಎನ್ನುತ್ತದೆ. ತಿದ್ದಿದರೆ ಕೇಳುತ್ತದೆ, ಮಾರನೆಯ ದಿನ ಮರೆಯುತ್ತದೆ. ಇರಲಿ.

ತಕರಾರು ಶುರುವಾಗುವುದು ಕೋಡ್ ಮುಗಿದ ಮೇಲೆ. ಬಡ್ಡಿ ಲೆಕ್ಕದಲ್ಲಿ ಪೈಸೆಗಳನ್ನು ಸುತ್ತುಗೂಡಿಸುವಾಗ ಆಗುತ್ತಿದ್ದ ವ್ಯತ್ಯಾಸವನ್ನು ಸರಿಪಡಿಸಿ ಕಮಿಟ್ ಮಾಡಲು ಹೇಳಿದೆವು ಎನ್ನೋಣ. ಸಂದೇಶದ ಮೊದಲ ಸಾಲು ಅಚ್ಚುಕಟ್ಟು. ನಂತರ ಒಂದು ಖಾಲಿ ಸಾಲು. ಅದರ ಕೆಳಗೆ ರಾಕೆಟ್ಟಿನ ಪುಟ್ಟ ಚಿತ್ರ, ಇದನ್ನು ಇಂಥ ಸಹಾಯಕದಿಂದ ತಯಾರಿಸಲಾಗಿದೆ ಎಂಬ ಘೋಷಣೆ, ನಿಮ್ಮ ತಂಡದಲ್ಲೂ ಬಳಸಿ ನೋಡಿ ಎಂಬ ಆಹ್ವಾನ, ಕಂಪನಿಯ ಕೊಂಡಿ. ಎಲ್ಲಕ್ಕಿಂತ ಕೆಳಗೆ ಸಹಲೇಖಕರ ಜಾಗದಲ್ಲಿ ಅದರದೇ ಹೆಸರು. ಮೂಲ ಕೆಲಸದ ವಿವರಣೆ ಒಂದು ಸಾಲು, ಬಾಲಂಗೋಚಿ ಮೂರು ಸಾಲು.

ಕೋಡಿನ ಬದಲಾವಣೆಗಳ ಇತಿಹಾಸ ಕಾಪಾಡುವ ಗಿಟ್ ತಂತ್ರಾಂಶವನ್ನು ಬಳಸದವರಿಗೆ ಇದು ಅಷ್ಟೇನೂ ದೊಡ್ಡ ವಿಷಯ ಎನಿಸದಿರಬಹುದು. ಆದರೆ ಕಮಿಟ್ ಎನ್ನುವುದು ನನ್ನ ಹೆಸರು, ನನ್ನ ಇಮೇಲ್ ವಿಳಾಸ, ಗಂಟೆ, ನಿಮಿಷಗಳ ಸಮೇತ ದಾಖಲಾಗುವ ಹೇಳಿಕೆ. ಅದರ ಪಠ್ಯವೂ ಸೇರಿಯೇ ಗುರುತಿನ ಸಂಖ್ಯೆ ಹುಟ್ಟುತ್ತದೆ. ಒಂದು ಅಲ್ಪವಿರಾಮ ಬದಲಿಸಿದರೂ ಆ ಸಂಖ್ಯೆ ಬದಲಾಗುತ್ತದೆ, ಅದರ ಮೇಲೆ ಕಟ್ಟಿದ ಎಲ್ಲ ಕಮಿಟ್‌ಗಳ ಸಂಖ್ಯೆಯೂ ಬದಲಾಗುತ್ತದೆ. ತಂಡ ಹಂಚಿಕೊಂಡ ಕೋಡಿನ ಭಂಡಾರಕ್ಕೆ, ಅಂದರೆ ರೆಪೊಸಿಟರಿಗೆ, ಒಮ್ಮೆ ತಳ್ಳಿದ (ಪುಶ್ ಮಾಡಿದ) ಮೇಲೆ ಅಲ್ಲಿನ ಜಾಹೀರಾತನ್ನು ಅಳಿಸಬೇಕೆಂದರೆ ಇಡೀ ತಂಡದ ಇತಿಹಾಸವನ್ನೇ ಮತ್ತೆ ಬರೆಯಬೇಕು. ಯಾರೂ ಬರೆಯುವುದಿಲ್ಲ, ಹಾಗಾಗಿ ಅದು ಅಲ್ಲೇ ಉಳಿಯುತ್ತದೆ.

ನಮ್ಮಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರತಿ ಹೊಸ ಆವೃತ್ತಿಯೊಂದಿಗೆ ಸಂಘಗಳಿಗೆ ಕಳಿಸುವ ಬದಲಾವಣೆಗಳ ಪಟ್ಟಿಯನ್ನು ಕಮಿಟ್ ಸಂದೇಶಗಳಿಂದಲೇ ಒಂದು ಸ್ಕ್ರಿಪ್ಟ್ ಜೋಡಿಸುತ್ತದೆ. ಪಟ್ಟಿ ಹೋಯಿತು. ಮಾರನೆಯ ದಿನ ಒಂದು ಸಂಘದ ಕಾರ್ಯದರ್ಶಿಯವರ ಫೋನ್: “ಸರ್, ಆರನೇ ಅಂಶದ ಕೆಳಗೆ ರಾಕೆಟ್ ಇದೆಯಲ್ಲ, ಅದು ಹೊಸ ಸೌಲಭ್ಯವೇ? ಅದಕ್ಕೆ ಬೇರೆ ದುಡ್ಡು ಕಟ್ಟಬೇಕೇ? ಆಡಳಿತ ಮಂಡಳಿ ಮುಂದೆ ಇಡಬೇಕಾಗುತ್ತದೆ, ಅದಕ್ಕೆ ಕೇಳಿದೆ.” ಇಲ್ಲ ಸರ್, ಅದು ನಮ್ಮದಲ್ಲ ಎಂದೆ. “ನಿಮ್ಮ ಲೆಟರ್‌ಹೆಡ್‌ನಲ್ಲೇ ಬಂದಿದೆಯಲ್ಲ ಸರ್” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕಂಪನಿಯ ಸಹಾಯವಾಣಿಗೆ ಬರೆದಾಗ ಬಂದ ಉತ್ತರ ಸೌಜನ್ಯದಿಂದಲೇ ಇತ್ತು. ಇದು ಜಾಹೀರಾತಲ್ಲ, ಪಾರದರ್ಶಕತೆ. ಯಂತ್ರ ಬರೆದ ಕೋಡ್ ಯಾವುದು ಎಂದು ಓದುವವರಿಗೆ ತಿಳಿಯಬೇಡವೇ ಎಂಬುದು ಅದರ ಸಾರಾಂಶ. ವಾದದಲ್ಲಿ ಅರ್ಧ ಸತ್ಯವಿದೆ. ತಿಳಿಯಬೇಕು ಎಂದು ನಾನೂ ಒಪ್ಪುತ್ತೇನೆ. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರೂ ಅದನ್ನೇ ಹೇಳುತ್ತಾರೆ. ಅಲ್ಲಿ 2004ರಿಂದ ಪ್ರತಿ ತೇಪೆಗೂ (ಕೋಡಿನ ತಿದ್ದುಪಡಿಗೂ) ಅದನ್ನು ಕಳಿಸಿದವರು ಹೊಣೆ ಹೊತ್ತು ಸಹಿ ಸಾಲು ಹಾಕುವ ಪದ್ಧತಿ ಇದೆ. ಎಐ ನೆರವು ಪಡೆದವರಿಗಾಗಿ ಈಗ ಪ್ರತ್ಯೇಕ ಸಾಲೊಂದನ್ನು ಸೂಚಿಸಿದ್ದಾರೆ. ಉಪಕರಣದ ಹೆಸರು, ಎಐ ಮಾದರಿಯ (ಮಾಡೆಲ್) ಆವೃತ್ತಿ, ಅಲ್ಲಿಗೆ ಮುಗಿಯಿತು. ಸಹಿ ಹಾಕುವ ಹಕ್ಕು ಯಂತ್ರಕ್ಕಿಲ್ಲ, ಮನುಷ್ಯನೇ ಹಾಕಬೇಕು ಎಂಬುದೂ ಸ್ಪಷ್ಟವಾಗಿದೆ. ಆ ಸಾಲಿನಲ್ಲಿ ಕೊಂಡಿಯಿಲ್ಲ, ರಾಕೆಟ್ಟಿಲ್ಲ, ಬನ್ನಿ ಎಂಬ ಕರೆಯಿಲ್ಲ. ಪಾರದರ್ಶಕತೆಗೆ ಅಷ್ಟು ಸಾಕು. ಮಿಕ್ಕದ್ದೆಲ್ಲ ವ್ಯಾಪಾರ.

ಲಗ್ನಪತ್ರಿಕೆಯ ತಳದಲ್ಲಿ ಮುದ್ರಣಾಲಯದ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ, ಯಾರೂ ಬೇಸರಿಸುವುದಿಲ್ಲ. ಅದೇ ಹೆಸರು ‘ತಮ್ಮ ಸುಖಾಗಮನವನ್ನು ಬಯಸುವ’ ಎಂಬುದರ ಕೆಳಗೆ, ಚಿಕ್ಕಪ್ಪ ಸೋದರಮಾವಂದಿರ ನಡುವೆ ಬಂದು ಕುಳಿತರೆ? ಸಹಲೇಖಕರ ಸಾಲಿನಲ್ಲಿ ಆಗುತ್ತಿರುವುದು ಅದು.

ಬಾಲ ಅಂಟಿಸುವ ವಿದ್ಯೆ ಹಳೆಯದೇ. 1996ರಲ್ಲಿ ಹಾಟ್‌ಮೇಲ್ ಶುರುವಾದಾಗ ಪ್ರತಿ ಪತ್ರದ ಕೆಳಗೂ ಉಚಿತ ಇಮೇಲ್ ಪಡೆಯಿರಿ ಎಂಬ ಸಾಲು ತಾನಾಗಿ ಸೇರಿಕೊಳ್ಳುತ್ತಿತ್ತು. ಅದರ ಸ್ಥಾಪಕರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಬಳಕೆದಾರರೇ ತಿಳಿಯದೆ ಪ್ರಚಾರಕರಾದರು, ಮರುವರ್ಷದ ಕೊನೆಗೆ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಆದರೆ ಹಾಟ್‌ಮೇಲ್ ಪುಕ್ಕಟೆಯಾಗಿತ್ತು. ಇಲ್ಲಿ ನಾವು ತಿಂಗಳು ತಿಂಗಳೂ ಕಟ್ಟುತ್ತಿದ್ದೇವೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಹತ್ತಿರದ್ದು. 2019ರ ಆಗಸ್ಟ್‌ನಲ್ಲಿ ಜಾವಾಸ್ಕ್ರಿಪ್ಟ್ ಕೋಡಿನ ಶೈಲಿಯನ್ನು ತಪಾಸಣೆ ಮಾಡುವ ‘ಸ್ಟ್ಯಾಂಡರ್ಡ್’ ಎಂಬ ಮುಕ್ತ ತಂತ್ರಾಂಶದವರು, ಅದನ್ನು ಅನುಸ್ಥಾಪಿಸುವಾಗ ಟರ್ಮಿನಲ್‌ನಲ್ಲಿ ಪ್ರಾಯೋಜಕರ ಜಾಹೀರಾತು ತೋರಿಸಿದರು. ಡೆವಲಪರ್‌ಗಳು ಎಗರಿಬಿದ್ದರು. ಕೆಲವೇ ದಿನಗಳಲ್ಲಿ ಪ್ರಯೋಗ ನಿಂತಿತು, ಜಾವಾಸ್ಕ್ರಿಪ್ಟ್ ತಂತ್ರಾಂಶಗಳನ್ನು ಹಂಚುವ ಎನ್‌ಪಿಎಂ ಸಂಸ್ಥೆ ಇಂಥ ಜಾಹೀರಾತುಗಳಿಗೆ ಅವಕಾಶವಿಲ್ಲ ಎಂದಿತು. ಸಂಬಳವಿಲ್ಲದೆ ಲೋಕಕ್ಕೆಲ್ಲ ತಂತ್ರಾಂಶ ಮಾಡಿಕೊಟ್ಟವರು, ಓಡುವ ಪರದೆಯ ಮೇಲೆ ಕ್ಷಣಕಾಲ ನಾಲ್ಕು ಸಾಲು ತೋರಿಸಿದ್ದಕ್ಕೆ ಅಷ್ಟು ಬೈಸಿಕೊಂಡರು. ಅಳಿಸಲಾಗದ ದಾಖಲೆಯಲ್ಲಿ, ಗ್ರಾಹಕನ ಹೆಸರಿನ ಕೆಳಗೆ ದೊಡ್ಡ ಕಂಪನಿಗಳು ಬರೆಯುವಾಗ ನಾವೆಲ್ಲ ಭುಜ ಕುಣಿಸಿ ಸುಮ್ಮನಾಗುತ್ತಿದ್ದೇವೆ. ಇದು ನನಗೆ ಈಗಲೂ ಅರ್ಥವಾಗಿಲ್ಲ.

ಸಹಾಯಕ ಯೋಚಿಸುತ್ತಿರುವಾಗ ಅದರ ಫಲಕದಲ್ಲಿ ಬರುವ ‘ದುಬಾರಿ ಮಾದರಿಯನ್ನು ಪ್ರಯತ್ನಿಸಿ’ ಎಂಬ ಸಲಹೆಗಳು ಕಿರಿಕಿರಿಯೇ. ಆದರೆ ಅದು ಅದರ ಅಂಗಳ, ಬೇಕಾದ್ದು ನೇತುಹಾಕಿಕೊಳ್ಳಲಿ. ತಂತ್ರಾಂಶದ ಪರಿಚಯ ಬರೆದಿಡುವ ರೀಡ್‌ಮಿ ಕಡತಕ್ಕೆ ತಾನಾಗಿ ಪದಕ (ಬ್ಯಾಡ್ಜ್) ಅಂಟಿಸಲು ಒಮ್ಮೆ ಹೊರಟಿತ್ತು, ಬೇಡವೆಂದರೆ ಬಿಟ್ಟಿತು.

ನನ್ನನ್ನು ನಿಜವಾಗಿ ಕಾಡುವುದು ಕಣ್ಣಿಗೆ ಬೀಳದ ಜಾಹೀರಾತು. ಪ್ರತಿ ರಾತ್ರಿ ದತ್ತಾಂಶದ ಪ್ರತಿ ತೆಗೆದಿಡಲು ಒಂದು ಸಣ್ಣ ಸ್ಕ್ರಿಪ್ಟ್ ಕೇಳಿದೆ. ನಮ್ಮ ದತ್ತಸಂಚಯ ಪೋಸ್ಟ್‌ಗ್ರೆಸ್, ಪ್ರತಿ ತೆಗೆಯಲೆಂದು ಅದರ ಜೊತೆಗೇ ಬರುವ ಪಿಜಿ-ಡಂಪ್ ಮತ್ತು ನಿಗದಿತ ವೇಳೆಗೆ ಅದನ್ನು ಓಡಿಸುವ ಒಂದು ಕ್ರಾನ್ ಸಾಲು ಇದ್ದರೆ ಮುಗಿಯುವ ಕೆಲಸ. ಸಹಾಯಕ ಅದನ್ನು ಬರೆದುಕೊಟ್ಟಿತು ನಿಜ. ಆದರೆ ಪುಲ್ ರಿಕ್ವೆಸ್ಟ್‌ನ ವಿವರಣೆಯಲ್ಲಿ, ನನ್ನದೇ ಮಾತು ಎಂಬ ಧಾಟಿಯಲ್ಲಿ, ಮುಂದಿನ ಹಂತದಲ್ಲಿ ಇಂಥ ಕ್ಲೌಡ್ ಸೇವೆಗೆ ಹೋಗುವುದು ಸೂಕ್ತ ಎಂದು ಖಾತೆ ತೆರೆಯುವ ಕೊಂಡಿಯನ್ನೂ ಹಾಕಿತು. ನನ್ನ ಸಹೋದ್ಯೋಗಿ ಅದನ್ನು ಓದಿ, ‘ಇದನ್ನು ಯಾವಾಗ ತೀರ್ಮಾನಿಸಿದಿರಿ’ ಎಂದು ಕೇಳಿದಳು.

ಇದಕ್ಕೆ ಯಾರಾದರೂ ಹಣ ಕೊಟ್ಟಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಹೆಚ್ಚು ಪ್ರಚಾರ ಇರುವ ಸೇವೆಗಳ ಬಗ್ಗೆ ಅಂತರಜಾಲದಲ್ಲಿ ಬರಹಗಳೂ ಹೆಚ್ಚು, ಆ ಬರಹಗಳಿಂದಲೇ ಕಲಿತ ಯಂತ್ರದ ಬಾಯಿಗೆ ಆ ಹೆಸರುಗಳೇ ಮೊದಲು ಬರುವುದು ಸಹಜ. ಆದರೆ ಸಹಜವಾಗಿ ಬಂದ ಶಿಫಾರಸು, ಹಣಕ್ಕೆ ಬಂದ ಶಿಫಾರಸು, ಎರಡೂ ಹೊರಗಿನಿಂದ ನೋಡುವವರಿಗೆ ಒಂದೇ ಥರ. ನಡುವೆ ನಂಬಿಕೆಯೊಂದೇ ಇರುವುದು, ಬಾಲದ ಜಾಹೀರಾತು ಕೊರೆಯುತ್ತಿರುವುದು ಆ ನಂಬಿಕೆಯನ್ನೇ. ಕೇಳದೆ ನನ್ನ ಹೆಸರಿನ ಕೆಳಗೆ ಪ್ರಚಾರ ಸಾಲು ಬರೆದವರು, ನನ್ನ ಹೆಸರಿನ ಶಿಫಾರಸಿನಲ್ಲಿ ಕೈಯಾಡಿಸುವುದಿಲ್ಲ ಎಂದು ಯಾವ ಧೈರ್ಯದಲ್ಲಿ ನಂಬಲಿ? 2026ರ ಜನವರಿಯಲ್ಲಿ ಓಪನ್‌ಎಐ, ಚಾಟ್‌ಜಿಪಿಟಿಯ ಉಚಿತ ಮತ್ತು ‘ಗೋ’ ಯೋಜನೆಗಳಲ್ಲಿ ಅಮೆರಿಕದಲ್ಲಿ ಜಾಹೀರಾತಿನ ಪ್ರಯೋಗ ಮಾಡುವುದಾಗಿ ಪ್ರಕಟಿಸಿದಾಗ, ಜಾಹೀರಾತಿಗೆ ಗುರುತು ಇರುತ್ತದೆ, ಉತ್ತರದಿಂದ ಬೇರೆಯಾಗಿ ಇರುತ್ತದೆ ಎಂದಾದರೂ ಹೇಳಿತು. ಕಮಿಟ್ ಸಂದೇಶದಲ್ಲಿ ಅಂಥ ಗೆರೆ ಎಳೆಯಲು ಜಾಗವೇ ಇಲ್ಲ. ಅಲ್ಲಿರುವುದೆಲ್ಲ ನನ್ನ ಮಾತು ಎಂದೇ ಲೆಕ್ಕ.

ಕಾನೂನಿನ ನೆರವು ಸಿಗಬಹುದೇ ಎಂದು ನೋಡಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ವೇಷ ಮರೆಸಿದ ಜಾಹೀರಾತು, ಪದೇ ಪದೇ ಪೀಡಿಸುವುದು, ಎರಡೂ ಅದರಲ್ಲಿವೆ. ಓದಿ ಖುಷಿಯಾಯಿತು. ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಸಾಮಾನ್ಯವಾಗಿ ‘ಗ್ರಾಹಕ’ರೇ ಅಲ್ಲ, ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವರಿಗೆ ಮಾತ್ರ ವಿನಾಯಿತಿ. ಒಬ್ಬಂಟಿ ಫ್ರೀಲ್ಯಾನ್ಸರ್‌ಗೆ ಬಾಗಿಲು ತೆರೆದಿರಬಹುದು, ನಮ್ಮಂಥ ಕಚೇರಿಗೆ ಕಷ್ಟ.

ಹಾಗಾಗಿ ನಮ್ಮ ಉಪಾಯ ನಾವೇ ಮಾಡಿಕೊಂಡೆವು. ಬಾಲ ತೆಗೆಯುವ ಆಯ್ಕೆ ಸೆಟ್ಟಿಂಗ್‌ಗಳಲ್ಲಿ ಇದೆ, ಆಳದಲ್ಲಿ. ಇತರ ಕೆಲವು ಉಪಕರಣಗಳಲ್ಲೂ ಹೀಗೆಯೇ: ಕ್ಲಾಡ್ ಕೋಡ್ ಕೂಡ ಮೊದಲಿಗೆ ಕಮಿಟ್‌ಗೆ ತನ್ನ ಹೆಸರು ಸೇರಿಸುವ ಸ್ಥಿತಿಯಲ್ಲೇ ಬರುತ್ತದೆ, ಬೇಡವೆಂದರೆ ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು. ನಮ್ಮ ಸಹಾಯಕದ ತೊಂದರೆ ಏನೆಂದರೆ, ದೊಡ್ಡ ನವೀಕರಣ ಬಂದಾಗಲೆಲ್ಲ ಆ ಆಯ್ಕೆ ಸದ್ದಿಲ್ಲದೆ ಮೊದಲಿನ ಸ್ಥಿತಿಗೆ ಹೋಗುತ್ತದೆ. ಆದ್ದರಿಂದ ಕಮಿಟ್ ಸಂದೇಶವನ್ನು ಪರಿಶೀಲಿಸುವ ಹುಕ್ (ಕಮಿಟ್ ಮಾಡುವಾಗ ತಾನಾಗಿ ಓಡುವ ಸಣ್ಣ ಸ್ಕ್ರಿಪ್ಟ್) ಬರೆದೆವು. ಪ್ರಚಾರದ ಕೊಂಡಿ ಕಂಡರೆ ಆ ಸಾಲನ್ನು ಕಿತ್ತುಹಾಕಿ, ಅದರ ಬದಲು ಉಪಕರಣದ ಹೆಸರು ಮತ್ತು ಆವೃತ್ತಿಯ ಒಂದೇ ಸಾಲು ಸೇರಿಸುತ್ತದೆ. ರೆಪೊಸಿಟರಿಯನ್ನು ಕ್ಲೋನ್ ಮಾಡಿದಾಗ (ನಕಲು ಇಳಿಸಿಕೊಂಡಾಗ) ಗಿಟ್ ಹುಕ್‌ಗಳು ಜೊತೆಗೆ ಬರುವುದಿಲ್ಲ ಎಂಬುದು ನೆನಪಿರಲಿ. ಅವನ್ನು ರೆಪೊಸಿಟರಿಯ ಒಂದು ಫೋಲ್ಡರ್‌ನಲ್ಲಿಟ್ಟು, ಹುಕ್ ಇರುವ ದಾರಿಯನ್ನು ಎಲ್ಲರ ಗಿಟ್ ಸಂರಚನೆಯಲ್ಲೂ ನಮೂದಿಸಬೇಕು. ಸರ್ವರ್ ಕಡೆಯಲ್ಲೂ ಅದೇ ತಪಾಸಣೆ ಇಟ್ಟಿದ್ದೇವೆ. ಪುಲ್ ರಿಕ್ವೆಸ್ಟ್‌ನ ವಿವರಣೆಯನ್ನು ಈಗ ಕೈಯಲ್ಲೇ ಬರೆಯುತ್ತೇವೆ. ನಿಧಾನವಾಗುತ್ತದೆ, ಆದರೆ ಓದುವವರಿಗೆ ಅದೇ ಹೆಚ್ಚು ಉಪಯೋಗವಾಗುತ್ತಿದೆ.

ಕೊಳ್ಳಬೇಕೇ ಎಂದು ಕೇಳಿದರೆ, ಕೊಳ್ಳಿ ಎನ್ನುತ್ತೇನೆ. ಹಳೆಯ ದತ್ತಾಂಶ, ಹಳೆಯ ಕೋಡ್ ಇರುವ ಸಣ್ಣ ತಂಡಗಳಿಗೆ ದುಡ್ಡಿಗೆ ಮೋಸವಿಲ್ಲ. ಗ್ರಾಹಕರಿಗೆ ರೆಪೊಸಿಟರಿಯನ್ನೇ ಹಸ್ತಾಂತರಿಸುವ ಕೆಲಸ ನಿಮ್ಮದಾದರೆ ಮೊದಲು ಹುಕ್ ಬರೆದುಕೊಳ್ಳಿ, ಆಮೇಲೆ ಚಂದಾ ಕಟ್ಟಿ. ವಾರ್ಷಿಕ ಯೋಜನೆಗೆ ರಿಯಾಯಿತಿ ತೋರಿಸುತ್ತಾರೆ, ಸದ್ಯಕ್ಕೆ ಬೇಡ. ತಿಂಗಳ ಲೆಕ್ಕದಲ್ಲೇ ಇರಿ. ನವೀಕರಣ ಬಂದ ದಿನದ ಮೊದಲ ಕಮಿಟ್ ಸಂದೇಶವನ್ನು ಕೊನೆಯ ಸಾಲಿನವರೆಗೂ ಓದಿ ನಂತರ ಪುಶ್ ಮಾಡಿ.